ರವದಿ ಸುಲಿಯೋರು ಯಾರು?

ಹೋದ ವರ್ಷ ಜನವರಿಯಲ್ಲಿ ಅಪ್ಪ ನಿಂತ ಕಬ್ಬಿಗೇ ಬೆಂಕಿ ಹಚ್ಚಿಸಿದರು ಅಂತ ಗೊತ್ತಾಗಿ ಫೋನಿನಲ್ಲೇ ಜಗಳ ಆಡಿದೆ. ಗ್ಯಾಂಗಿನವರು ಸುಟ್ಟರೇ ಕಡೀತೀವಿ ಅಂದಿದ್ದರಂತೆ. ಹೊಗೆ, ಮಣ್ಣು, ಎರೆಹುಳ ಅಂತ ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅಪ್ಪ ಅಂದದ್ದು ಇಷ್ಟೇ: "ಎಲ್ಲಾ ಖರೆ ಐತಪ. ರವದಿ ಸುಲಿಯಾಕ ನೀ ಬರ್ತಿಯೇನು?"

ರವದಿ ಅಂದರೆ ಕಬ್ಬಿನ ಒಣಗಿದ ಗರಿ. ನಮ್ಮ ಮುಧೋಳ ಕಡೆ ಬೆಳೆದವರಿಗೆ ಅದರ ಅಂಚು ಗೊತ್ತು. ಬ್ಲೇಡಿನ ಹಾಗೆ ಕೊಯ್ಯುತ್ತೆ, ಬೆವರಿದ ಮೈಗೆ ಸುಂಕು ಅಂಟಿ ಉರಿಯುತ್ತೆ, ಒಳಗೆ ಹಾವಿರಬಹುದು. ಬೆಂಕಿ ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಇದೆಲ್ಲ ಮಾಯ. ಕಡಿಯುವವರಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಸುಟ್ಟ ಕಬ್ಬಾದರೆ ದಿನಕ್ಕೆ ಹೆಚ್ಚು ಟನ್ ಆಗುತ್ತೆ. ಅಂದರೆ ನಾನು ಬೇಡ ಅಂದ ಬೆಂಕಿಯಲ್ಲಿ ಅವರ ಸಂಪಾದನೆ ಇತ್ತು.

ಬೆಂಕಿಯಿಂದ ನಷ್ಟವಿಲ್ಲ ಅಂತಲ್ಲ. ಸುಟ್ಟ ಕಬ್ಬನ್ನು ಬೇಗ ಅರೆಯದಿದ್ದರೆ ತೂಕವೂ ಸಕ್ಕರೆಯೂ ಇಳಿಯುತ್ತವೆ. ರವದಿಯನ್ನು ಸಾಲಿನ ನಡುವೆ ಹಾಸಿದರೆ ಕೂಳೆ ಬೆಳೆಗೆ ತೇವ ಉಳಿಯುತ್ತೆ, ಕಳೆ ಕಡಿಮೆಯಾಗುತ್ತೆ, ಕೊಳೆತು ಗೊಬ್ಬರವಾಗುತ್ತೆ. ಸುಟ್ಟರೆ ಅದರಲ್ಲಿನ ಸಾರಜನಕದ ಹೆಚ್ಚಿನ ಪಾಲು ಗಾಳಿಪಾಲು.

"ಹಾಗಾದ್ರೆ ಮಷಿನ್ ತರಿಸಿ" ಅನ್ನೋದು ನಮ್ಮಂಥವರ ಮೊದಲ ಉತ್ತರ. ಬ್ರೆಜಿಲಿನ ಸಾವೊ ಪಾಲೊ ರಾಜ್ಯ ಅದೇ ದಾರಿ ಹಿಡಿಯಿತು. ಯಂತ್ರ ಓಡುವ ಹೊಲಗಳಲ್ಲಿ 2021ರೊಳಗೆ ಸುಡುವುದು ನಿಲ್ಲಬೇಕು ಅಂತ 2002ರಲ್ಲಿ ಕಾನೂನು ಬಂತು. 2007ರ ಒಪ್ಪಂದ ಆ ಗಡುವನ್ನು 2014ಕ್ಕೆ ಎಳೆಯಿತು. ಹೊಗೆ ಕಡಿಮೆಯಾಯಿತು, ಕೈಯಲ್ಲಿ ಕಡಿಯುತ್ತಿದ್ದ ಸಾವಿರಾರು ಜನರ ಕೆಲಸವೂ ಹೋಯಿತು. ನಮ್ಮ ಎರಡು-ಮೂರು ಎಕರೆ ಹೊಲದಲ್ಲಂತೂ ದೊಡ್ಡ ಯಂತ್ರ ತಿರುಗೋದೇ ಕಷ್ಟ. ನೆಲ ಹಸಿ ಇದ್ದರೆ ಅದರ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತೆ.

ನಮ್ಮ ಕಡೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದಲೂ ಗ್ಯಾಂಗ್ ಬರುತ್ತವೆ. ಮುಂಗಡದ ಸಾಲ ಹೊತ್ತು ಬರುವ ಗಂಡ-ಹೆಂಡತಿಯನ್ನು ಸೇರಿಸಿ ಲೆಕ್ಕದಲ್ಲಿ 'ಒಂದು ಕೋಯ್ತಾ' ಅಂತಾರೆ. ಕೋಯ್ತಾ ಅಂದರೆ ಕಡಿಯುವ ಕತ್ತಿ. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಬಾರದು ಅಂತ ಗರ್ಭಕೋಶವನ್ನೇ ತೆಗೆಸಿಕೊಂಡ ಆ ಜಿಲ್ಲೆಯ ಹೆಣ್ಣುಮಕ್ಕಳ ಸುದ್ದಿ 2019ರಲ್ಲಿ ಬಂದಾಗ ಅಲ್ಲಿನ ಸರ್ಕಾರ ಸಮಿತಿ ಮಾಡಬೇಕಾಯಿತು. ಇಂಥವರಿಗೆ ಅದೇ ಕೂಲಿಯಲ್ಲಿ ಇನ್ನಷ್ಟು ಕೈ ಕೊಯ್ದುಕೊಂಡು ನನ್ನ ಮಣ್ಣು ಉಳಿಸಿ ಅನ್ನೋಕೆ ನಾನ್ಯಾರು?

ಈ ಸಲ ಸುಡಲಿಲ್ಲ. ಟನ್ನಿಗೆ 200 ರೂಪಾಯಿ ಮೇಲೆ ಕೊಟ್ಟೆವು, ಕೈಗವಸು ಕೊಡಿಸಿದೆವು. ಹೆಂಗಸರು ಹಾಕಿಕೊಂಡರು; ಗಂಡಸರು ಕತ್ತಿ ಜಾರುತ್ತೆ ಅಂತ ತೆಗೆದಿಟ್ಟರು. ಆ ದುಡ್ಡು ಕಬ್ಬಿನಿಂದ ಬಂದದ್ದಲ್ಲ, ನನ್ನ ಸಂಬಳದ್ದು. ಪಕ್ಕದ ಹೊಲದ ಕಾಕಾಗೆ ಹಾಗೆ ಕಳಿಸೋ ಮಗ ಇಲ್ಲ. ಅವರು ಬೆಂಕಿ ಹಚ್ಚಿದರು. ಈ ಸಲ ನಾನು ಏನೂ ಅನ್ನಲಿಲ್ಲ.

ಹೊಗೆ ಬೇಡ ಅನ್ನೋ ಮಾತು ಸರಿಯೇ. ಆದರೆ ಅದರ ಖರ್ಚನ್ನು ಕಾಕಾನೋ ಆ ಕೋಯ್ತಾದವರೋ ಕೊಡಲಿ ಅಂತ ಕೂರೋದು ಸರಿಯಲ್ಲ. ಸಕ್ಕರೆ ಕಿಲೋಗೆ ಎರಡು ರೂಪಾಯಿ ಏರಿದರೆ ಗೊಣಗುವ ನಾವೂ ಆ ಲೆಕ್ಕದಲ್ಲಿ ಇದ್ದೇವೆ.