ದಡದ ಕೆಲಸ

1955ರಲ್ಲಿ ಅಮೆರಿಕದ ‘ನಾಟಿಲಸ್’ ಜಲಾಂತರ್ನೌಕೆಯು ಪರಮಾಣುಶಕ್ತಿಯಿಂದ ಮೊದಲು ಚಲಿಸಿದಂದಿನಿಂದ, ಆ ನೌಕಾಪಡೆಯಲ್ಲಿ ರಿಯಾಕ್ಟರನ್ನು ನಡೆಸುವ ತಂತ್ರಜ್ಞರ ಪಂಗಡವೊಂದು ಬೆಳೆದುಬಂದಿದೆ. ಕೆಲವರ್ಷ ಕಡಲಿನಲ್ಲಿ ದುಡಿದವನಿಗೆ ಬಳಿಕ ದಡದ ಕೆಲಸ ದೊರೆಯುವುದು. ಆಗ ಅವನು ಯಾವುದನ್ನು ಆರಿಸಿಕೊಳ್ಳಬೇಕು? ಮನೆಗೆ ಸಮೀಪದ ಹಗುರವಾದ ಹುದ್ದೆಯನ್ನೋ, ಚಾರ್ಲ್ಸ್‌ಟನ್ನಿನಲ್ಲಿ ದಡಕ್ಕೆ ಕಟ್ಟಿದ ಶಿಕ್ಷಣನೌಕೆಯೊಳಗೆ ಸರದಿಯಂತೆ ಇರುಳಲ್ಲಿಯೂ ಎಚ್ಚತ್ತು ಕಿರಿಯರಿಗೆ ಕಲಿಸುವ ಹುದ್ದೆಯನ್ನೋ?

ವಿಶ್ರಾಂತಿಯನ್ನು ಬಯಸುವುದು ದೋಷವಲ್ಲ; ಮಡದಿಮಕ್ಕಳಿಗೂ ಅವನ ಮೇಲೆ ಹಕ್ಕುಂಟು. ಬೇಸತ್ತ ಗುರುವಿನಿಂದ ಶಿಷ್ಯನು ಬೇಸರವನ್ನೇ ಕಲಿತಾನು. ಆದರೆ ಹಿಂದೆ ತನ್ನ ತಪ್ಪುಗಳನ್ನು ತಿದ್ದಿದವನೂ ಇಂತೆಯೇ ನಿದ್ದೆಗೆಟ್ಟವನೆಂಬುದನ್ನು ಅವನು ಮರೆಯಲಾಗದು. ಋಣವು ಆಜ್ಞೆಯಲ್ಲ. ಅದನ್ನು ತಕ್ಕಡಿಯಲ್ಲಿಟ್ಟು ತೂಗಿದ ಮೇಲೆ ಮನೆಯನ್ನೇ ಆರಿಸಿದರೂ ಅವನು ನಿರ್ದೋಷಿ. ಅದನ್ನಿಡದೆಯೇ ತೂಗಿದರೆ ಮಾತ್ರ ತೂಕವು ಸುಳ್ಳಾಗುವುದು.