ಅಗ್ಗದ ಅಂಗಿಯ ನಿಜವಾದ ಬೆಲೆ

ಆಗುಂಬೆಯ ಮಳೆಗಾಲದಲ್ಲಿ ಒಗೆದ ಅಂಗಿ ದಿನಗಟ್ಟಲೆ ಒಣಗದು. ಆದುದರಿಂದ ಇಲ್ಲಿಯವನು ಒಂದೆರಡು ಅಂಗಿಗಳನ್ನು ಹೆಚ್ಚಿಗೆ ಬಯಸಿದರೆ, ಅವು ಅಗ್ಗವಾಗಿ ಸಿಗಲೆಂದು ಹಂಬಲಿಸಿದರೆ, ಅದು ದುರಾಸೆಯಲ್ಲ. ಆದರೆ ರಿಯಾಯಿತಿಯಲ್ಲಿ ನಮಗೆ ಉಳಿದ ಹಣ ಯಾರ ಪಾಲಿನದು?

2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಮಡಿದರು. ಗೋಡೆಗಳು ಹಿಂದಿನ ದಿನವೇ ಬಿರುಕು ಬಿಟ್ಟಿದ್ದರೂ ದೂರದೇಶದವರ ಉಡುಪು ಹೊಲಿಯಲು ಅವರನ್ನು ಒಳಗೆ ಕರೆಸಲಾಗಿತ್ತು.

ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘವು ಬೇರೊಂದು ದಾರಿ ತೋರಿತು: ಹಳ್ಳಿಯ ಸ್ತ್ರೀಯರ ದುಡಿಮೆ, ಕೈಮಗ್ಗದ ಹತ್ತಿಬಟ್ಟೆ, ಅಡಿಕೆ ಚೊಗರಿನ ಬಣ್ಣ. ಆದರೂ 2020ರಲ್ಲಿ ಮಾಲು ಮಾರಾಟವಾಗದೆ ಉಳಿದು, ಸಂಘವು ದಿವಾಳಿಯಾಗಿದೆಯೆಂದು ಸಾರಬೇಕಾಯಿತು. ಕೊಳ್ಳುವವರಿಲ್ಲದಿದ್ದರೆ ನ್ಯಾಯವಾದ ಕೂಲಿಯೂ ನಿಲ್ಲದು.

ಬಡವನು ಕೈಗೆಟುಕಿದ್ದನ್ನೇ ಕೊಳ್ಳಬೇಕು, ಅವನನ್ನು ದೂಷಿಸುವಂತಿಲ್ಲ. ಆಯ್ಕೆಯ ಅನುಕೂಲವುಳ್ಳ ನಮ್ಮ ಮಾತೇ ಬೇರೆ. ಮೂರು ಅಗ್ಗದ ಅಂಗಿಗಳ ಬದಲು ಬಾಳಿಕೆ ಬರುವ ಒಂದನ್ನು ಕೊಂಡು, ಗುಂಡಿ ಬಿದ್ದರೆ ಹಾಕಿಸಿ, ಹರಿದರೆ ಹೊಲಿಸಿ ಉಡೋಣ. ಗಂಡಸಿಗೆ ಒಪ್ಪುವ ಉಡುಪು ಅದೇ: ಮೈಗೆ ಹೊಂದಬೇಕು, ಹೊಲಿದವರ ಹೊಟ್ಟೆಯನ್ನೂ ತುಂಬಿಸಿರಬೇಕು.