ಸಾಲ ಬಿಡಲ್ಪಟ್ಟ ಆಳು

ವೇದಭಾಗ: ಮತ್ತಾಯ 18ನೆಯ ಅಧ್ಯಾಯ, 23ರಿಂದ 35ನೆಯ ವಚನಗಳು. ನೆಹೆಮೀಯ 5ನೆಯ ಅಧ್ಯಾಯವನ್ನೂ ಓದಿರಿ.



ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಾಯಂಕಾಲದ ಮನೆಪ್ರಾರ್ಥನೆಯನ್ನು ನಡಿಸುತ್ತಿದ್ದಾಗ ನಾನು ಮೇಲಣ ಸಾಮ್ಯವನ್ನು ಓದಿದೆನು. ಓದಿ ಮುಗಿಸಿ ಅರ್ಥ ಹೇಳುವದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಬಾಗಿಲ ಹತ್ತಿರ ಕೂತಿದ್ದ ಒಬ್ಬ ಮುದಿ ತಾಯಿಯು, "ಉಪದೇಶಿಯವರೇ, ಹತ್ತು ಸಾವಿರ ತಲಾಂತು ಅಂದರೆ ಎಷ್ಟು ದಿನದ ಕೂಲಿ?" ಎಂದು ಕೇಳಿದಳು. ಆಕೆ ಚಿಕ್ಕಂದಿನಿಂದ ಕೂಲಿ ಮಾಡಿ ಬದುಕಿದವಳು. ಯಾವ ಲೆಕ್ಕವನ್ನಾದರೂ ದಿನದ ಕೂಲಿಯಿಂದಲೇ ಅಳೆಯುವವಳು. ಸೆಮಿನರಿಯಲ್ಲಿ ನಾನು ಈ ಸಾಮ್ಯದ ಮೇಲೆ ಎರಡು ಸಾರಿ ಪ್ರಬಂಧ ಬರೆದಿದ್ದರೂ ಆ ಪ್ರಶ್ನೆಯನ್ನು ಯಾರೂ ನನಗೆ ಹಾಕಿರಲಿಲ್ಲ.

ಆಗ ನಾವೆಲ್ಲರೂ ಕೂಡಿ ಲೆಕ್ಕ ಮಾಡಿದೆವು. ಒಂದು ತಲಾಂತಿಗೆ ಆರು ಸಾವಿರ ದಿನಾರಿ. ದ್ರಾಕ್ಷೇತೋಟದ ಸಾಮ್ಯದಲ್ಲಿ ಯಜಮಾನನು ಆಳುಗಳಿಗೆ ಗೊತ್ತುಮಾಡಿದ್ದು ದಿನಕ್ಕೆ ಒಂದು ದಿನಾರಿ. ಆದಕಾರಣ ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನಗಳ ಕೂಲಿ. ವರುಷಕ್ಕೆ ಮುನ್ನೂರು ದಿನ ದುಡಿದರೂ ಎರಡು ಲಕ್ಷ ವರುಷ ಬೇಕು. "ಹಾಗಾದರೆ ಆ ಆಳು ನಮ್ಮಂಥ ಆಳಲ್ಲ" ಎಂದಳು ಆ ತಾಯಿ. ಅದು ನಿಜವಾದ ಮಾತು. ಅಷ್ಟು ಸಾಲ ಹುಟ್ಟಬೇಕಾದರೆ ಅವನು ಅರಸನ ಬೊಕ್ಕಸದ ಮೇಲೆ ಕೈಯಿಟ್ಟವನಾಗಿರಬೇಕು. ಸೀಮೆಯ ಕಂದಾಯವನ್ನು ಎತ್ತುವ ದೊಡ್ಡ ಉದ್ಯೋಗಸ್ಥನಾಗಿರಬೇಕು.

ಅವನ ಜೊತೆ ಆಳು ಅವನಿಗೆ ಕೊಡಬೇಕಾಗಿದ್ದದ್ದು ನೂರು ದಿನಾರಿ, ಅಂದರೆ ನೂರು ದಿನದ ಕೂಲಿ. ಈ ನೂರು ದಿನವು ನಮ್ಮ ಹಳ್ಳಿಯವರಿಗೆ ಗುರುತಿಲ್ಲದ ಸಂಖ್ಯೆಯಲ್ಲ. 2005ರಲ್ಲಿ ಆದ ಉದ್ಯೋಗ ಖಾತ್ರಿ ಶಾಸನವು ಒಂದು ಕುಟುಂಬಕ್ಕೆ ವರುಷಕ್ಕೆ ಗೊತ್ತುಮಾಡಿದ್ದು ಅದೇ ನೂರು ದಿನಗಳ ಕೆಲಸ. ಕೂಲಿಯನ್ನು ಹದಿನೈದು ದಿನಗಳೊಳಗೆ ಕೊಡತಕ್ಕದ್ದೆಂದೂ ಆ ಶಾಸನದಲ್ಲಿ ಬರೆದಿತ್ತು. ಕೆರೆಯ ಹೂಳೆತ್ತಿ ಬಂದು ತಿಂಗಳುಗಟ್ಟಲೆ ಬ್ಯಾಂಕಿನ ಪುಸ್ತಕವನ್ನು ತಿರುವಿ ನೋಡಿದವರು ಈ ಪತ್ರಿಕೆಯನ್ನು ಓದುವವರಲ್ಲಿಯೂ ಇದ್ದಾರೆ.

ಈ ಸಾಮ್ಯದಲ್ಲಿ ನಮ್ಮ ಕರ್ತನು ಯಾವದನ್ನು ಖಂಡಿಸಿದನೆಂದು ನಿದಾನಿಸಿ ನೋಡಿರಿ. ಅರಸನು ಸಾಲ ಬಿಟ್ಟದ್ದನ್ನು ಖಂಡಿಸಲಿಲ್ಲ, ಅದು ಕರುಣೆ. ಆ ಮನುಷ್ಯನು ಕಾಲಿಗೆ ಬಿದ್ದು ಬೇಡಿಕೊಂಡದ್ದನ್ನೂ ಖಂಡಿಸಲಿಲ್ಲ. ಅರಮನೆಯ ಬಾಗಿಲಿನಿಂದ ಹೊರಗೆ ಬಂದ ಕೂಡಲೇ, ಬೇಡಿಕೊಳ್ಳುವದಕ್ಕೆ ಜೋಡಿಸಿದ್ದ ಅದೇ ಕೈಗಳಿಂದ ಜೊತೆ ಆಳಿನ ಕುತ್ತಿಗೆಯನ್ನು ಹಿಡಿದನಲ್ಲಾ, ಅದನ್ನು ಖಂಡಿಸಿದನು. ತಾನು ಆಡಿದ ಬೇಡಿಕೆಯ ಮಾತನ್ನೇ ಇನ್ನೊಬ್ಬನು ಆಡುವಾಗ ಅವನ ಕಿವಿ ಕೇಳಲಿಲ್ಲ.

ಪ್ರಿಯರೇ, ಈ ಸಾಮ್ಯವು ನಮ್ಮ ಕಾಲದಲ್ಲಿ, ನಮ್ಮ ಸೀಮೆಯಲ್ಲಿಯೇ ನಡೆದಿದೆ. ವಿಜಯ ಮಲ್ಯರು ನಮ್ಮ ಕರ್ನಾಟಕದಿಂದಲೇ 2002ರಲ್ಲಿಯೂ 2010ರಲ್ಲಿಯೂ ರಾಜ್ಯಸಭೆಗೆ ಆರಿಸಲ್ಪಟ್ಟವರು. ಒಂದು ಸಾರಿ ಒಂದು ದೊಡ್ಡ ಪಕ್ಷ, ಇನ್ನೊಂದು ಸಾರಿ ಅದರ ಎದುರು ಪಕ್ಷ ಅವರಿಗೆ ಬೆಂಬಲವಿತ್ತಿತು. ಈ ಒಂದು ವಿಷಯದಲ್ಲಿ ಪಕ್ಷಗಳಿಗೆ ವಿರೋಧವಿರಲಿಲ್ಲ. ಅವರ ಕಿಂಗ್‌ಫಿಷರ್ ವಿಮಾನ ಕಂಪನಿಯು 2005ರಲ್ಲಿ ಹಾರಾಟವನ್ನು ಆರಂಭಿಸಿ ಸಾಲದಲ್ಲಿ ಮುಳುಗಿತು. ಬ್ಯಾಂಕುಗಳು ಅದರ ಸಾಲಕ್ಕೆ ಹೊಸ ಗಡುವು ಕೊಟ್ಟವು. 2011ರಲ್ಲಿ ಸಾಲದ ಒಂದು ಭಾಗವನ್ನು ಕಂಪನಿಯ ಪಾಲಾಗಿ ಮಾರ್ಪಡಿಸಿಕೊಂಡವು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ಅಷ್ಟರೊಳಗೆ ಅಲ್ಲಿ ದುಡಿಯುತ್ತಿದ್ದವರಿಗೆ ಅನೇಕ ತಿಂಗಳ ಸಂಬಳ ಬಾಕಿಯಾಗಿತ್ತು. ಬಡ್ಡಿಯೂ ಸೇರಿ ಸುಮಾರು 9,000 ಕೋಟಿ ರೂಪಾಯಿ ಬಾಕಿಯಿರಲಾಗಿ 2016ರ ಮಾರ್ಚಿ 2ರಂದು ಮಲ್ಯರು ದೇಶವನ್ನು ಬಿಟ್ಟರು. ಆಗಲೂ ಅವರು ರಾಜ್ಯಸಭೆಯ ಸದಸ್ಯರೇ. ಅವರ ಸ್ವತ್ತಿನಿಂದ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಹಿಂದಿರುಗಿಸಲಾಯಿತೆಂದು 2024ರ ದಶಂಬರದಲ್ಲಿ ಹಣಕಾಸಿನ ಮಂತ್ರಿಗಳು ಪಾರ್ಲಿಮೆಂಟಿನಲ್ಲಿ ತಿಳಿಸಿದರು. ಇದನ್ನು ಮುಚ್ಚಿಡುವದು ನ್ಯಾಯವಲ್ಲ. ಆದರೆ ಸಾಮಾನು ಹೊತ್ತವರು, ಯಂತ್ರ ಸರಿಮಾಡಿದವರು, ಗುಮಾಸ್ತರು ತಮ್ಮ ಸಂಬಳಕ್ಕಾಗಿ ವರುಷಗಟ್ಟಲೆ ಕಚೇರಿಗಳನ್ನು ಅಲೆದರೆಂಬದೂ ಅಷ್ಟೇ ನಿಜ. ಸಾಲ ಕೊಟ್ಟವರ ಸಾಲು ಮೊದಲು. ಬೆವರು ಕೊಟ್ಟವರ ಸಾಲು ಆ ಮೇಲೆ.

ಒಬ್ಬರ ಮಾತಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಸಾಲ ಹಿಂದಕ್ಕೆ ಬಾರದೆ ಸರಕಾರಿ ಬ್ಯಾಂಕುಗಳು ಬಡವಾದಾಗ, ಅವುಗಳಿಗೆ 2,11,000 ಕೋಟಿ ರೂಪಾಯಿ ಬಂಡವಾಳ ತುಂಬುವದಾಗಿ ಕೇಂದ್ರ ಸರಕಾರವು 2017ರ ಅಕ್ಟೋಬರಿನಲ್ಲಿ ಪ್ರಕಟಿಸಿತು. 2022ರ ಮಾರ್ಚಿಗೆ ಮುಗಿದ ಐದು ವರುಷಗಳಲ್ಲಿ ಬ್ಯಾಂಕುಗಳು ತಮ್ಮ ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದ ಸಾಲವು 10 ಲಕ್ಷ ಕೋಟಿಗೂ ಹೆಚ್ಚೆಂದು ಅದೇ ಸರಕಾರವು ರಾಜ್ಯಸಭೆಗೆ ಹೇಳಿತು. ಪುಸ್ತಕದಿಂದ ತೆಗೆದರೆ ಸಾಲ ತೀರಲಿಲ್ಲ, ವಸೂಲಿ ನಡೆಯುತ್ತಲೇ ಇರುತ್ತದೆ ಎಂದು ಅವರು ಹೇಳುವ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಹಾಗೆ ತೆಗೆದ ಲೆಕ್ಕಗಳಿಂದ ಆ ಐದು ವರುಷಗಳಲ್ಲಿ ವಸೂಲಾದದ್ದು ಸುಮಾರು 1,32,000 ಕೋಟಿ. ಆ ಮುದಿ ತಾಯಿಯು ಇದನ್ನು ಹೇಗೆ ಲೆಕ್ಕ ಮಾಡುವಳೋ ನಾನರಿಯೆನು. ಆದರೆ ಅರಸನ ಬೊಕ್ಕಸದಲ್ಲಿ ಆಕೆಯ ಕಾಸೂ ಇದೆಯೆಂಬದನ್ನು ಬಲ್ಲೆನು. ಸಂತೆಯಲ್ಲಿ ಸೋಪಿನ ತುಂಡನ್ನು ಕೊಳ್ಳುವಾಗ ಆಕೆಯೂ ತೆರಿಗೆ ಕೊಡುತ್ತಾಳೆ.

ಇನ್ನು ಕುತ್ತಿಗೆ ಹಿಡಿದ ಸಂಗತಿ. 2020ರ ಮಾರ್ಚಿ 24ರ ರಾತ್ರಿ ಎಂಟು ಗಂಟೆಗೆ ಅಪ್ಪಣೆಯಾಗಿ ನಾಲ್ಕೇ ಗಂಟೆಗಳಲ್ಲಿ ದೇಶವೆಲ್ಲ ಮುಚ್ಚಲ್ಪಟ್ಟಿತು. ನಮ್ಮ ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ ಕಡೆಗೂ ಮೈಸೂರಿನ ಕಡೆಗೂ ಹಗಲಿರುಳು ಓಡುತ್ತಿದ್ದ ಪ್ರಯಾಣಿಕರ ರೈಲುಗಳು ನಿಂತುಹೋದವು. ಬೆಂಗಳೂರಿನಲ್ಲಿ ಮನೆ ಕಟ್ಟುತ್ತಿದ್ದ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಕೂಲಿಗಳು ಕೆಲಸವಿಲ್ಲದೆ, ಕೂಲಿಯಿಲ್ಲದೆ, ತಗಡಿನ ಗುಡಿಸಲುಗಳಲ್ಲಿ ಸಿಕ್ಕಿಕೊಂಡರು. ಮೇ ತಿಂಗಳ ಮೊದಲಲ್ಲಿ ಅವರನ್ನು ಊರಿಗೆ ಮುಟ್ಟಿಸುವ ರೈಲುಗಳು ಹೊರಟವು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಕಟ್ಟಡ ಕಟ್ಟಿಸುವ ಕಂಪನಿಗಳ ಮುಖಂಡರೊಂದಿಗೆ ಮಾತಾಡಿದರು. ಅದೇ ದಿನ, ಮಾರನೆಯ ದಿನದಿಂದ ಆ ರೈಲುಗಳು ಬೇಡವೆಂದು ಸರಕಾರದಿಂದ ರೈಲ್ವೆಯವರಿಗೆ ಕಾಗದ ಹೋಯಿತು. ಕೂಲಿಗಳು ಹೋದರೆ ಕಟ್ಟಡದ ಕೆಲಸ ನಿಲ್ಲುವದಲ್ಲಾ!

ಮೇ 6ರಂದು ಅದೇ ಸರಕಾರವು 1,610 ಕೋಟಿ ರೂಪಾಯಿಯ ಪರಿಹಾರವನ್ನು ಸಾರಿತು. ಅಗಸರಿಗೂ ಕ್ಷೌರಿಕರಿಗೂ ಆಟೋ ಓಡಿಸುವವರಿಗೂ ಐದೈದು ಸಾವಿರ; ಕಟ್ಟಡದ ಕೂಲಿಗಳಿಗೆ ಮೊದಲು ಕೊಟ್ಟ ಎರಡು ಸಾವಿರದ ಮೇಲೆ ಇನ್ನು ಮೂರು ಸಾವಿರ. ಒಳ್ಳೆಯದೇ, ಹಸಿದವನಿಗೆ ಅದೂ ಅನ್ನವೇ. ಆದರೆ ಕಟ್ಟಡ ಕಾರ್ಮಿಕರ ನಿಧಿಯೆಂಬದು 1996ರ ಶಾಸನದ ಪ್ರಕಾರ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿಯಂತೆ ಅವರ ಹೆಸರಿನಲ್ಲಿಯೇ ಕೂಡಿಸಿದ ಹಣ. ಅದನ್ನು ಅವರಿಗೆ ಕೊಡುವದನ್ನು ದಾನವೆಂದು ಕರೆಯುವವರು, ಅವರ ರೈಲನ್ನು ಹಿಂದಿನ ದಿನವೇ ನಿಲ್ಲಿಸಿದ್ದರು. ಒಂದು ಕೈ ಕಾಸನ್ನು ಚಾಚಿತು. ಇನ್ನೊಂದು ಕೈ ಕುತ್ತಿಗೆಯ ಮೇಲಿತ್ತು. ಅದೇ ಮೇ 22ರಂದು ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆ ದುಡಿಸಬಹುದೆಂಬ ಅಪ್ಪಣೆಯೂ ಹೊರಟಿತು.

ನಾವು ಅಧಿಕಾರಿಗಳನ್ನು ಗೌರವಿಸಬೇಕಾದವರು, ಕಂದಾಯವನ್ನು ಕೊಡಬೇಕಾದವರು. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ನಾನು ಮರೆತಿಲ್ಲ. ಆದರೂ ಯೆರೆಮೀಯನ 22ನೆಯ ಅಧ್ಯಾಯವನ್ನು ತೆರೆದು ನೋಡಿರಿ. ನೆರೆಯವನಿಗೆ ಕೂಲಿ ಕೊಡದೆ ದುಡಿಸಿಕೊಂಡು, ವಿಶಾಲವಾದ ಮಾಳಿಗೆಯನ್ನು ಕಟ್ಟಿಸಿ, ದೇವದಾರಿನ ಹಲಗೆ ಹೊದಿಸಿದ ಅರಸನಿಗೆ ಪ್ರವಾದಿಯು ಅಯ್ಯೋ ಎಂದು ಸಾರುತ್ತಾನೆ. ಪ್ರವಾದಿಯು ಅರಸನನ್ನು ಗೌರವಿಸಲಿಲ್ಲವೋ? ಗೌರವಿಸಿದ್ದರಿಂದಲೇ ಅವನ ಮುಂದೆ ಸುಳ್ಳಾಡಲಿಲ್ಲ.

ಕಟ್ಟಡದ ಮಾತು ಬಂದದ್ದರಿಂದ ಒಂದು ಸಂಗತಿ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಗುಡಿಗೂ ಹಳೇಬೀಡಿನ ಗುಡಿಗೂ ದಿನಾಲು ಜನ ಬರುತ್ತಾರೆ. 2023ರಲ್ಲಿ ಲೋಕದ ಪಾರಂಪರಿಕ ಸ್ಥಳಗಳ ಪಟ್ಟಿಯಲ್ಲಿಯೂ ಅವು ಸೇರಿದವು. ಅಲ್ಲಿಯ ಪೂಜೆ ನಮ್ಮದಲ್ಲ. ಆದರೆ ಅಲ್ಲಿಯ ಕಲ್ಲಿನಲ್ಲಿ ನನಗೆ ಮೆಚ್ಚಿಕೆಯಾದ ಒಂದು ವಿಷಯವುಂಟು: ಕೆತ್ತಿದವರು ತಮ್ಮ ಹೆಸರನ್ನು ಕೊರೆದಿದ್ದಾರೆ. ಊರ ಜನ ಜಕಣಾಚಾರಿಯೊಬ್ಬನ ಹೆಸರನ್ನು ಹೇಳುತ್ತಾರೆ. ಬೇಲೂರಿನ ಕಲ್ಲು ಬಳ್ಳಿಗಾವೆಯ ದಾಸೋಜನ ಹೆಸರನ್ನೂ ಅವನ ಮಗ ಚಾವಣನ ಹೆಸರನ್ನೂ ಹೇಳುತ್ತದೆ. ಕಲ್ಲನ್ನು ಎಳೆದು ತಂದವರ ಹೆಸರು ಅಲ್ಲಿಯೂ ಇಲ್ಲ. ಬೆಂಗಳೂರಿನ ಇಪ್ಪತ್ತು ಅಂತಸ್ತಿನ ಮನೆಗಳ ಮೇಲೆ ಕೆತ್ತಿದವನ ಹೆಸರೂ ಇಲ್ಲ, ಹೊತ್ತವನ ಹೆಸರೂ ಇಲ್ಲ, ಕಂಪನಿಯ ಹೆಸರು ಮಾತ್ರ ಇದೆ.

ಸಾಮ್ಯದಲ್ಲಿ ನಾವು ಹೆಚ್ಚಾಗಿ ಗಮನಿಸದೆ ದಾಟಿಹೋಗುವ ಜನ ಒಂದು ಗುಂಪು ಇದ್ದಾರೆ. ಇತರ ಆಳುಗಳು ನಡೆದದ್ದನ್ನು ಕಂಡು ಬಹಳ ನೊಂದುಕೊಂಡು, ಒಡೆಯನ ಬಳಿಗೆ ಹೋಗಿ ಎಲ್ಲವನ್ನೂ ತಿಳಿಸಿದರು. ಅವರು ಸುಮ್ಮನಿದ್ದಿದ್ದರೆ ಸಾಮ್ಯವು ಸೆರೆಮನೆಯಲ್ಲಿಯೇ ಮುಗಿಯುತ್ತಿತ್ತು. 2020ರಲ್ಲಿಯೂ ಹಾಗೆಯೇ ಆಯಿತು. ರೈಲು ನಿಂತದ್ದಕ್ಕೆ ದೇಶದಲ್ಲೆಲ್ಲ ಕೂಗೆದ್ದಿತು. ಮೇ 7ರಂದು ಸರಕಾರವು ಮನಸ್ಸು ಬದಲಾಯಿಸಿ ರೈಲುಗಳನ್ನು ತಿರಿಗಿ ಬಿಡಿಸಿತು. ಹತ್ತು ಗಂಟೆಯ ಅಪ್ಪಣೆಯ ವಿಷಯದಲ್ಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಜೂನ್ 11ರಂದು ಅದೂ ಹಿಂದಕ್ಕೆ ತೆಗೆಯಲ್ಪಟ್ಟಿತು. ನೊಂದುಕೊಂಡು ಮನೆಯಲ್ಲಿ ಕೂತವರಿಂದ ಇದಾಗಲಿಲ್ಲ, ಹೋಗಿ ತಿಳಿಸಿದವರಿಂದ ಆಯಿತು.

ಇಷ್ಟನ್ನು ನಾನು ಬರೆಯುವದು ಸುಲಭ, ನೀವು ಓದಿ ತಲೆದೂಗುವದೂ ಸುಲಭ. ಆದರೆ ನೆಹೆಮೀಯನು ಹಾಗೆ ಮಾಡಲಿಲ್ಲ. ಬಡವರು ಹೊಲಗಳನ್ನೂ ಮಕ್ಕಳನ್ನೂ ಒತ್ತೆಯಿಟ್ಟು ಅತ್ತಾಗ ಅವನು ಬಹಳ ಸಿಟ್ಟುಗೊಂಡು ಶ್ರೀಮಂತರನ್ನು ಗದರಿಸಿದನು, ಸರಿ. ಅದೇ ಉಸುರಿನಲ್ಲಿ, ತಾನೂ ತನ್ನ ಅಣ್ಣತಮ್ಮಂದಿರೂ ಆಳುಗಳೂ ಸಾಲ ಕೊಟ್ಟವರೇ ಎಂದು ಒಪ್ಪಿಕೊಂಡು, ಎಲ್ಲರೂ ಕೂಡಿ ಬಿಟ್ಟುಬಿಡೋಣ ಎಂದನು. ದೇಶಾಧಿಪತಿಗೆ ಸಲ್ಲುವ ಭತ್ಯವನ್ನು ಹನ್ನೆರಡು ವರುಷ ಮುಟ್ಟಲಿಲ್ಲ. ತನ್ನ ಲೆಕ್ಕವನ್ನು ಮೊದಲು ತೆರೆದಿಟ್ಟವನ ಬಾಯಲ್ಲಿ ಗದರಿಕೆಯು ಶೋಭಿಸಿತು.

ಆದಕಾರಣ ನನ್ನ ಲೆಕ್ಕವನ್ನೂ ಹೇಳಬೇಕಾಗಿದೆ. ನನ್ನ ಹೆಂಡತಿಯ ಪಾಲಿಗೆ ಬಂದ ಸ್ವಲ್ಪ ತೆಂಗಿನ ತೋಟವುಂಟು. ಮಳೆ ತಪ್ಪಿದ ವರುಷಗಳಲ್ಲಿ ಅದರ ಮೇಲೆ ಬೆಳೆಸಾಲ ತೆಗೆದಿದ್ದೆವು. 2018ರ ಜುಲೈಯಲ್ಲಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು 34,000 ಕೋಟಿ ರೂಪಾಯಿಯ ರೈತರ ಸಾಲಮನ್ನಾವನ್ನು ಪ್ರಕಟಿಸಿದರು. ಕಾಲಕ್ರಮದಲ್ಲಿ ನಮ್ಮ ಸಾಲವೂ ಹೋಯಿತು. ಆ ದಿನ ಮನೆಯಲ್ಲಿ ಸ್ತೋತ್ರ ಹಾಡಿದೆವು. ಹೊಲವಿದ್ದವನ ಸಾಲ ಹೋಯಿತು. ಹೊಲವಿಲ್ಲದ ಕೂಲಿಯವನಿಗೆ ಬ್ಯಾಂಕಿನಲ್ಲಿ ಸಾಲವೇ ಹುಟ್ಟದಿದ್ದದ್ದರಿಂದ ಬಿಡುವದಕ್ಕೂ ಏನಿರಲಿಲ್ಲ. ಇದು ಆಗ ನನಗೆ ಹೊಳೆಯಲೇ ಇಲ್ಲ. ನಮ್ಮ ಕಾಯಿ ಸುಲಿಯುವ ಆಳು ಮಗಳ ಹೆರಿಗೆಗೆಂದು ನನ್ನಿಂದ ಎರಡು ಸಾವಿರ ರೂಪಾಯಿ ಮುಂಗಡ ತೆಗೆದಿದ್ದನು. ಸಾಲಮನ್ನಾದ ಕಾಗದ ಬಂದ ವಾರದಲ್ಲಿಯೂ ನಾನು ಅವನ ಕೂಲಿಯಲ್ಲಿ ಇನ್ನೂರು ಮುರಿದುಕೊಂಡೆನು. ಮುಂದಿನ ವಾರ ಬೇಡವೆಂದು ಅವನು ಕೇಳಿಕೊಂಡಾಗ, ಲೆಕ್ಕವೆಂದರೆ ಲೆಕ್ಕ ಎಂದೆನು. ಏಳು ವಾರ ಹಾಗೆ ಮುರಿದಾಯಿತು. ಆ ಮೇಲೆ ಅವನು ನಮ್ಮ ಕೆಲಸಕ್ಕೆ ಬರಲಿಲ್ಲ. ಉಳಿದ ಆರು ನೂರು ನನ್ನ ಪುಸ್ತಕದಲ್ಲಿಯೇ ನಿಂತಿತು.

ಆ ಮುದಿ ತಾಯಿಯ ಮನೆಯಿಂದ ಹಿಂದಿರುಗಿದ ರಾತ್ರಿ ನಾನು ಆ ಪುಸ್ತಕವನ್ನು ಹುಡುಕಿ ತೆಗೆದೆನು. ಶನಿವಾರ ಹದಿನಾಲ್ಕು ನೂರು ರೂಪಾಯಿ ತೆಗೆದುಕೊಂಡು ಅವನ ಊರಿಗೆ ಹೋದೆನು. ಅವನು ಮನೆಯಲ್ಲಿರಲಿಲ್ಲ, ಕಾಫಿ ಕೊಯ್ಲಿಗೆ ಬೇಲೂರಿನ ಆಚೆಗೆ ಹೋಗಿದ್ದನು. ಅವನ ಹೆಂಡತಿಯು ನನ್ನನ್ನು ನೋಡಿ, ಬಾಕಿಯನ್ನು ಕೇಳಲಿಕ್ಕೆ ಬಂದೆನೆಂದು ತಿಳಿದು ಬಾಗಿಲಲ್ಲೇ ನಿಂತುಕೊಂಡಳು. ನಾನು ಹಣವನ್ನು ಕೊಟ್ಟೆನು. "ಇನ್ನೂ ಆರು ನೂರು ನಾವೇ ಕೊಡಬೇಕಲ್ಲಾ ಉಪದೇಶಿಯವರೇ" ಎಂದಳು. ಕೊಡಬೇಕಾದದ್ದಿಲ್ಲ ಎಂದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ ಒಳಗೆ ಹೋಗಿ, ಮೊಮ್ಮಗಳ ಶಾಲೆಯ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು ತಂದು, ಅದನ್ನು ಬರೆದು ಕೊಡಿರಿ, ಮುಂದೆ ಯಾರೂ ಬಂದು ಕೇಳಬಾರದು ಎಂದಳು. ನಾನು ಅವರ ಜಗಲಿಯ ಮೇಲೆ ಕೂತು ತಾರೀಕು ಹಾಕಿ ಬರೆದು ರುಜು ಮಾಡಿದೆನು. ಓದಲು ಬಾರದ ಆಕೆಯು ಮೊಮ್ಮಗಳನ್ನು ಕರೆದು ಎರಡು ಸಾರಿ ಓದಿಸಿ ಕೇಳಿ, ಹಾಳೆಯನ್ನು ಮಡಚಿ ಸೆರಗಿನಲ್ಲಿ ಗಂಟುಹಾಕಿಕೊಂಡಳು.